ಉಳಿದುಹೋದ ನಾಲ್ಕು ಬೋಲ್ಟು

ತುಡಿಯಲೂರು
9-11-1986, ಭಾನುವಾರ

ಸೌಭಾಗ್ಯವತಿ ಪೆರಿಯನಾಯಕಿಗೆ, ಮನೆಯಿಂದ ದಂಡಪಾಣಿ ಬರೆಯುವುದು.

ಇಲ್ಲಿ ನಾನೂ ಅವ್ವನೂ ಚೆನ್ನಾಗಿದ್ದೇವೆ. ನಿನ್ನ ಎಡಗಾಲು ಈಗ ಹೇಗಿದೆ? ಕೋಲಿಲ್ಲದೆ ನಡೆಯುತ್ತೀ ಎಂದು ದೀಪಾವಳಿಗೆ ಬಂದವರು ಹೇಳಿದರು. ಮೆಟ್ಟಿಲಿಳಿಯುವಾಗ ಮಾತ್ರ ಗೋಡೆ ಹಿಡಿಯುತ್ತೀ ಎಂದೂ ಹೇಳಿದರು.

ಪತ್ರ ಕನ್ನಡದಲ್ಲಿದೆ ಎಂದು ನಗಬೇಡ. ಮದುವೆಯಾದ ಹೊಸದರಲ್ಲಿ ಮಗ್ಗದ ಪಕ್ಕ ಕೂತು ನೀನೇ ಸ್ಲೇಟಿನ ಮೇಲೆ ಕಲಿಸಿದ ಅಕ್ಷರ. ತಪ್ಪಿದ್ದರೆ ಅದು ಗುರುವಿನ ತಪ್ಪು. ತಾಳವಾಡಿಯ ಅತ್ತೆಯ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು ನಿಮ್ಮಲ್ಲಿ ನೀನೊಬ್ಬಳೇ. ಧಾರಾಪುರಂನಲ್ಲಿ ನಿಮ್ಮಣ್ಣನ ಮನೆಯಲ್ಲಿ ಉಳಿದ ಯಾರಿಗೂ ಈ ಲಿಪಿ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಮೋಟಾರ್ ಸೈಕಲ್ ಮಾರಿಲ್ಲ. ಅದು ಮನೆಯಲ್ಲಿರುವ ತನಕ ಹೊಸಿಲು ತುಳಿಯುವುದಿಲ್ಲ ಎಂದು ನೀನು ಹೇಳಿಕಳಿಸಿದ್ದೆ. ಮೇ ತಿಂಗಳಲ್ಲಿ ನಿಮ್ಮಣ್ಣ ಬಾಲಸುಬ್ರಮಣಿಯನ್ ಮಚ್ಚಾನ್ ಬಂದು ಕೇಳಿದಾಗ ಉಕ್ಕಡದ ಹಳೇ ಕಬ್ಬಿಣದ ಅಂಗಡಿಗೆ ಹಾಕಿಬಿಟ್ಟೆ ಎಂದೆ. ಆಗ ಗಾಡಿ ಅವರು ಕೂತಿದ್ದ ಮಂಚದ ಹಿಂದಿನ ಕೋಣೆಯಲ್ಲಿ, ಅಪ್ಪನ ಕಾಲದ ಖಾಲಿ ಮಗ್ಗದ ಗುಂಡಿಯ ಮೇಲೆ ನಿಂತಿತ್ತು. ಅವರು ಕಾಫಿ ಕುಡಿದು, ಒಳ್ಳೆಯದಾಯಿತು ಎಂದು ಹೇಳಿ ಹೋದರು. ಮಚ್ಚಾನ್ ಒಳ್ಳೆಯವರು, ಸುಳ್ಳು ಹೇಳಿಸಿಕೊಳ್ಳುವುದಕ್ಕೆ ಹೇಳಿ ಮಾಡಿಸಿದ ಹಾಗಿದ್ದಾರೆ.

ಮಾರಬೇಕು ಎಂದು ನಾನು ಅಂದುಕೊಳ್ಳಲಿಲ್ಲ ಎಂದಲ್ಲ. ಮುಂದಿನ ಫೋರ್ಕ್ ಬಾಗಿತ್ತು, ಹಿಂದಿನ ಚಕ್ರದ ಕಡ್ಡಿಗಳು ಅರ್ಧ ಹೋಗಿದ್ದವು. ಬ್ರಿಟಿಷರ ಸೈನ್ಯದಲ್ಲಿ ಓಡಿ, ಮಿಲ್ಲಿನ ಸೂಪರ್‌ವೈಸರ್ ಒಬ್ಬರ ಬಳಿ ಇಪ್ಪತ್ತು ವರ್ಷ ದುಡಿದು, ನನ್ನ ಕೈಗೆ ಬಂದ ಬಿ.ಎಸ್.ಎ. ಅದು. ನನಗಿಂತ ಒಂದೆರಡು ವರ್ಷ ದೊಡ್ಡದು. ಅದನ್ನು ತೂಕಕ್ಕೆ ಹಾಕಲು ಮನಸ್ಸು ಒಪ್ಪಲಿಲ್ಲ. ಹೆಂಡತಿಗಿಂತ ಗಾಡಿ ಹೆಚ್ಚಾಯಿತೇ ಎಂದು ನೀನು ಕೇಳುತ್ತೀ. ಕೇಳು, ಕೇಳಬೇಕಾದ ಮಾತೇ.

ಹಗಲು ಎರಡು ಗಂಟೆಯವರೆಗೆ ನೇಯುವುದು, ಆಮೇಲೆ ಸಂಜೆಯವರೆಗೆ ಗುಂಡಿಯಲ್ಲಿ ಕೂರುವುದು. ಅಪ್ಪ ಕಾಲಿಳಿಬಿಟ್ಟು ನೇಯುತ್ತಿದ್ದ ಗುಂಡಿ ಇಂಜಿನ್‌ನ ಹೊಟ್ಟೆ ನೋಡಲು ಎಷ್ಟು ಅನುಕೂಲ ಗೊತ್ತೇ, ಯಾವ ವರ್ಕ್‌ಶಾಪಿನಲ್ಲೂ ಇಂಥದಿಲ್ಲ. ಕೊನೆಯ ನಟ್ಟಿನವರೆಗೆ ಬಿಚ್ಚಿದೆ. ಸೀಮೆಎಣ್ಣೆಯಲ್ಲಿ ತೊಳೆದು, ನಿನ್ನ ಹಳೆಯ ಮೊರಗಳಲ್ಲಿ ಹರಡಿ ಒಣಗಿಸಿದೆ. ಮೊರದ ವಿಷಯಕ್ಕೆ ಆಮೇಲೆ ಬೈಯುವೆಯಂತೆ. ಪಿಸ್ಟನ್ನಿಗೆ ಹೊಸ ರಿಂಗು ಸಿಕ್ಕಿತು. ಸಿಗದ ಬುಷ್‌ಗಳನ್ನು ಲೇತ್ ಕೆಲಸದ ಅಯ್ಯಾಸಾಮಿ ಕಡೆದುಕೊಟ್ಟ. ಕಿಡಿ ಕೊಡುವ ಮ್ಯಾಗ್ನೆಟೋ ಸತ್ತೇಹೋಗಿತ್ತು. ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವವರ ಹತ್ತಿರ ಕೊಟ್ಟು ಸುತ್ತಿಸಿದೆ. ವಾಲ್ವ್‌ಗಳಿಗೆ ಪೇಸ್ಟ್ ಹಚ್ಚಿ, ಎರಡು ಅಂಗೈ ನಡುವೆ ಕಡ್ಡಿ ಹಿಡಿದು, ಮಜ್ಜಿಗೆ ಕಡೆಯುವ ಹಾಗೆ ನಾಲ್ಕು ದಿನ ಅರೆದೆ. ಮಜ್ಜಿಗೆಗೇ ಇಷ್ಟು ಕೈಯಾಡಿಸಿದ್ದರೆ ಮನೆಗೆ ಬೆಣ್ಣೆಯಾದರೂ ಸಿಗುತ್ತಿತ್ತು ಎಂದಳು ಅವ್ವ.

ಇನ್ನು ಅವ್ವನ ಉಪಕಾರ ಕೇಳು. ಯಾವ ಬೋಲ್ಟ್ ಎಲ್ಲಿಯದು ಎಂದು ಮರೆಯಬಾರದಲ್ಲ. ಅದಕ್ಕೆ ನಮ್ಮವರು ಮಾಡುವುದನ್ನೇ ಮಾಡಿದೆ. ಮಗ್ಗದ ಹಾಸಿನ ಎಳೆಗಳಿಗೆ ಗುರುತು ಕಟ್ಟುವ ಹಾಗೆ ಒಂದೊಂದಕ್ಕೂ ಬಣ್ಣದ ನೂಲು ಕಟ್ಟಿದೆ. ಇಂಜಿನ್ನಿನದಕ್ಕೆ ಕೆಂಪು, ಗೇರ್ ಬಾಕ್ಸಿಗೆ ಹಸಿರು, ಚೌಕಟ್ಟಿಗೆ ಹಳದಿ. ಒಂದು ಗಂಟಾದರೆ ಮುಂದಿನದು, ಎರಡಾದರೆ ಹಿಂದಿನದು. ಕಾಗದ ಎಣ್ಣೆಯಲ್ಲಿ ಕರಗುತ್ತದೆ, ನೂಲು ಕರಗುವುದಿಲ್ಲ. ಅಯ್ಯಾಸಾಮಿ ನೋಡಿ ಬೆರಗಾದ. ನನಗೂ ಸ್ವಲ್ಪ ಜಂಬ ಬಂತು.

ಆಗಸ್ಟಿನಲ್ಲಿ ಆಡಿ ಅಮಾವಾಸ್ಯೆ ಬಂತು. ಅವತ್ತು ಮಗ್ಗ ಮುಟ್ಟುವುದಿಲ್ಲವಲ್ಲ. ನಾನು ಪೇರೂರಿನ ನದಿಗೆ ಹೋಗಿ ಅಪ್ಪನಿಗೆ ಎಳ್ಳುನೀರು ಬಿಟ್ಟು ಬರುವಷ್ಟರಲ್ಲಿ ಅವ್ವ ಮನೆಯೆಲ್ಲ ಗುಡಿಸಿ ಸಾರಿಸಿದ್ದಳು. ಗುಡಿಸುವವಳು ಮೊರಗಳನ್ನು ಬಿಡುತ್ತಾಳೆಯೇ? ಅಮಾವಾಸ್ಯೆಯ ದಿನ ನೂಲು ಗಂಟುಬಿದ್ದು ಎಣ್ಣೆಯಲ್ಲಿ ಬಿದ್ದಿರಬಾರದು ಎಂದು, ಕೂತು ಒಂದೊಂದೇ ಬಿಚ್ಚಿ, ಸೀಗೆಪುಡಿಯಲ್ಲಿ ತೊಳೆದು, ಉಂಡೆ ಸುತ್ತಿ ಗೋಡೆಯ ಮಾಡದಲ್ಲಿಟ್ಟಿದ್ದಳು. ನಾನು ತಲೆಯ ಮೇಲೆ ಕೈಹೊತ್ತು ಕೂತರೆ, “ನೂಲು ಒಂದೂ ವೇಸ್ಟ್ ಆಗಿಲ್ಲ ಡಾ, ಎಲ್ಲಾ ಹಂಗೇ ಇದೆ ನೋಡು” ಎಂದು ಉಂಡೆ ತೋರಿಸಿದಳು.

ಅಲ್ಲಿಂದ ಮೂರು ತಿಂಗಳು ಪಟ್ಟ ಪಾಡು ನಾಯಿಗೂ ಬೇಡ. ಒಂದೊಂದು ಬೋಲ್ಟನ್ನೂ ಹತ್ತು ತೂತಿಗೆ ಹಾಕಿ ನೋಡಿ, ತಿರುಪಿನ ಎಳೆ ಹಿಡಿಯುವುದೋ ಇಲ್ಲವೋ ಎಂದು ತಿರುಗಿಸಿ ಮತ್ತೆ ತೆಗೆದೆ. ಹೋದ ಗುರುವಾರ ಎಲ್ಲ ಮುಗಿಯಿತು. ಅಯ್ಯಾಸಾಮಿ ಬಂದ. ಆರನೆಯ ಒದೆತಕ್ಕೆ ಇಂಜಿನ್ ಹಿಡಿಯಿತು. ಪೆರಿಯನಾಯಕಿ, ಆ ಸದ್ದಿಗೆ ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಆದರೆ ಮೊರದಲ್ಲಿ ನಾಲ್ಕು ಬೋಲ್ಟು ಉಳಿದಿದ್ದವು. ನಾಲ್ಕೂ ಒಂದೇ ಅಳತೆಯವು. ಅಯ್ಯಾಸಾಮಿ ನಕ್ಕು, “ಹಳೇ ವಂಡಿ ಸೇರ್ಸಿದ್ರೆ ನಾಲ್ಕು ಮಿಕ್ಕಲೇಬೇಕು ಅಣ್ಣೇ, ಬಿಸಾಕು” ಎಂದ. ನಾನು ಬಿಸಾಡಲಿಲ್ಲ. ಅವು ಎಲ್ಲಿಯವು ಎಂದು ನನಗೆ ಗೊತ್ತಿತ್ತು. ಹಿಂದಿನ ಚಕ್ರದ ಎಡಗಡೆ, ನೀನು ಕಾಲು ಇಳಿಬಿಟ್ಟು ಕೂರುವ ಕಡೆ, ನಾಲ್ಕು ತೂತುಗಳು ಖಾಲಿ ಇದ್ದವು. ಸೂಪರ್‌ವೈಸರ್ ತಮ್ಮ ಹೆಂಡತಿಗೆಂದು ಹಾಕಿಸಿದ್ದ ಸೀರೆ ಗಾರ್ಡ್ ಇದ್ದ ಜಾಗ. ಕಬ್ಬಿಣದ ಆ ಜಾಲರಿ ಫೆಬ್ರವರಿಯಿಂದ ಅಟ್ಟದ ಮೇಲಿತ್ತು.

ನಿನಗೆ ಇದನ್ನೆಲ್ಲ ನೆನಪಿಸುವುದು ಬೇಡವಿತ್ತು. ಆದರೂ ಬರೆಯಬೇಕು. ಅಣ್ಣೂರಿನ ಮದುವೆಗೆ ಹೊರಟ ಬೆಳಿಗ್ಗೆ ನೀನು ಚಕ್ರ ನೋಡಿ ಜಾಲರಿ ಎಲ್ಲಿ ಎಂದು ಕೇಳಿದೆ. ಒಂದು ಬೋಲ್ಟ್ ಮುರಿದು ಅಲ್ಲಾಡುತ್ತಿತ್ತು, ಅದಕ್ಕೆ ಬಿಚ್ಚಿಟ್ಟೆ, ಬಂದ ಮೇಲೆ ಸರಿಮಾಡಿಸುತ್ತೇನೆ, ಈಗ ಸೆರಗು ಸಿಕ್ಕಿಸಿಕೊಂಡು ಕೂತುಕೋ ಎಂದೆ. ನೀನು ಸಿಕ್ಕಿಸಿಕೊಂಡೇ ಕೂತೆ. ನಾನು ಕಣ್ಣಾರೆ ನೋಡಿದೆ. ಶರವಣಂಪಟ್ಟಿ ದಾಟಿದ ಮೇಲೆ ಗಾಳಿ ಬಂತು, ನಾನು ವೇಗ ತಗ್ಗಿಸಲಿಲ್ಲ. ಉಟ್ಟದ್ದು ನಾನೇ ನೇಯ್ದು ಕೊಟ್ಟ ಸೀರೆ. ಅಂಗಡಿಯ ತೆಳು ಸೀರೆಯಾಗಿದ್ದರೆ ಚಕ್ರಕ್ಕೆ ಸಿಕ್ಕಾಗ ಪರ್‍ರನೆ ಹರಿದು ಅಷ್ಟಕ್ಕೇ ಹೋಗುತ್ತಿತ್ತು. ನಿನಗೆಂದು ಒತ್ತಿ ಒತ್ತಿ ನೇಯ್ದಿದ್ದೆ. ಅದು ಹರಿಯಲಿಲ್ಲ, ನಿನ್ನನ್ನೇ ಎಳೆದುಹಾಕಿತು.

ಆಸ್ಪತ್ರೆಯ ವರಾಂಡದಲ್ಲಿ ಜನ ಸೇರಿದಾಗ, ಹೇಗಾಯಿತು ಎಂದು ಎಲ್ಲರೂ ಕೇಳಿದರು. ಸೆರಗು ಬಿಟ್ಟುಕೊಂಡು ಕೂತಿದ್ದಳು ಎಂದುಬಿಟ್ಟೆ. ಬಾಯಿಂದ ಬಂದುಬಿಟ್ಟಿತು ಎನ್ನಬಹುದು, ಆದರೆ ಮರುದಿನವೂ ಅದನ್ನೇ ಹೇಳಿದೆ. ಅವ್ವ ಅದನ್ನು ಬೀದಿಗೆಲ್ಲ ಹಂಚಿದಳು. ಸೆರಗು ಸಂಭಾಳಿಸಲು ಬಾರದ ಹೆಣ್ಣು ಎಂದು ಅವಳು ನಿನ್ನ ಮಂಚದ ಪಕ್ಕವೇ ಹೇಳುವಾಗ ನಾನು ಅಲ್ಲೇ ಇದ್ದೆ. ನೀನು ಗೋಡೆಯ ಕಡೆ ತಿರುಗಿ ಮಲಗಿದೆ. ಜಾಲರಿ ಇರಲಿಲ್ಲ ಎಂದು ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನೀನು ಯಾರಿಗೂ ಹೇಳಲಿಲ್ಲ. ಮಚ್ಚಾನಿಗೂ ಹೇಳಿಲ್ಲ ಎಂದು ಅವರು ನನ್ನ ಜೊತೆ ಮಾತಾಡುವ ರೀತಿಯಲ್ಲೇ ಗೊತ್ತಾಗುತ್ತದೆ. ತಂಗಿಯದೇ ಅಜಾಗ್ರತೆ ಎಂದು ಅವರು ಇವತ್ತಿಗೂ ನಂಬಿದ್ದಾರೆ. ನನ್ನ ಮಾನ ಉಳಿಸಿ ನೀನು ಬೈಸಿಕೊಂಡೆ. ನನಗೆ ನಾಚಿಕೆಯಾಗುತ್ತದೆ.

ಗುರುವಾರವೇ ಅಟ್ಟದಿಂದ ಜಾಲರಿ ಇಳಿಸಿ, ತುಕ್ಕು ಉಜ್ಜಿ, ಕಪ್ಪು ಬಣ್ಣ ಹೊಡೆದು ಕೂರಿಸಿದೆ. ನಾಲ್ಕು ಬೋಲ್ಟೂ ಸರಿಯಾಗಿ ಕೂತವು. ಆಮೇಲೆ ಅವ್ವನನ್ನು ಕರೆದು ತೋರಿಸಿ, ಅವತ್ತು ಬೋಲ್ಟ್ ಮುರಿದು ಇದು ಗಾಡಿಯಲ್ಲಿ ಇರಲಿಲ್ಲ, ಅವಳ ತಪ್ಪಲ್ಲ ಎಂದು ಹೇಳಿದೆ. ಅವ್ವ ಬಹಳ ಹೊತ್ತು ಜಾಲರಿಯನ್ನೇ ತಡವುತ್ತಾ ನಿಂತಳು. “ಒಂಬತ್ತು ಮಾಸ ನನ್ ಬಾಯಿಂದ ಆ ಪಾವಂ ಹುಡುಗೀನ ಬೈಯ್ಸಿದೆಯಲ್ಲ ಡಾ” ಎಂದು ಒಳಗೆ ಹೋದಳು. ಅವತ್ತು ಊಟಕ್ಕೆ ನನ್ನನ್ನು ಕರೆಯಲಿಲ್ಲ.

ನಿನ್ನ ಮಗ್ಗವನ್ನು ಮುಟ್ಟಿಲ್ಲ. ಅರ್ಧ ನೇಯ್ದು ಬಿಟ್ಟ ಹಾಸಿನ ಮೇಲೆ ಬಟ್ಟೆ ಮುಚ್ಚಿದೆ. ಎಡಗಾಲಿನ ತುಳಿಹಲಗೆಯನ್ನು ಹಗುರ ಮಾಡಬಹುದೇ ಎಂದು ಅಯ್ಯಾಸಾಮಿಯನ್ನು ಕೇಳಿದೆ, ಕಬ್ಬಿಣದವನಿಗೆ ಮರದ ಬುದ್ಧಿ ಓಡುವುದಿಲ್ಲ. ನೀನು ಬಂದು ತುಳಿದು ಹೇಳಿದರೆ ನಾನೇ ಮಾಡುತ್ತೇನೆ. ಬಾ ಎಂದು ಬರೆಯುವ ಮುಖ ನನಗಿಲ್ಲ, ಆದರೆ ಬರಬೇಕು ಎಂದು ಆಸೆ ಇದೆ. ಗಾಡಿಯ ಕತೆ ನಿನ್ನ ಕೈಯಲ್ಲಿದೆ. ಮಾರು ಎಂದು ಒಂದು ಕಾರ್ಡ್ ಹಾಕು, ಜಾಲರಿ ಸಮೇತ ಮಾರುತ್ತೇನೆ, ಈ ಸಲ ನಿಜವಾಗಿ.

ಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಇಂತು ನಿನ್ನ ಶಿಷ್ಯ,
ದಂಡಪಾಣಿ

ಮರೆತದ್ದು: ಮರೆತದ್ದಲ್ಲ, ಮರೆಸಿದ್ದು. ಪತ್ರ ಮಡಚಿ ಗೋಂದು ಹಚ್ಚುವ ಮೊದಲು ಓದಿ ನೋಡಿದೆ. ಒಂದು ಬೋಲ್ಟ್ ಮುರಿದಿತ್ತು ಎಂದು ಬರೆದಿದ್ದೇನೆ, ನಾಲ್ಕೂ ಸರಿಯಾಗಿ ಕೂತವು ಎಂದೂ ಬರೆದಿದ್ದೇನೆ. ಹಾಸಿನಲ್ಲಿ ಒಂದೆಳೆ ತಪ್ಪಿದರೂ ದೂರದಿಂದ ಹಿಡಿಯುವವಳು ನೀನು, ಇದನ್ನು ಬಿಡುತ್ತೀಯಾ? ಯಾವ ಬೋಲ್ಟೂ ಮುರಿದಿರಲಿಲ್ಲ. ಟೀ ಅಂಗಡಿಯಲ್ಲಿ ನಾಲ್ಕು ಜನ ಸೇರಿ, ಏನಪ್ಪಾ ದಂಡಪಾಣಿ, ಮಿಲಿಟರಿ ಗಾಡಿಗೆ ಕೋಳಿಗೂಡು ಕಟ್ಟಿದ್ದೀಯಾ ಎಂದು ನಕ್ಕಿದ್ದರು. ಮದುವೆಯಲ್ಲಿ ಅವರೂ ಇರುತ್ತಾರಲ್ಲ ಎಂದು ಹಿಂದಿನ ದಿನ ನಾನೇ ಜಾಲರಿ ಬಿಚ್ಚಿ, ತೂತು ಕಾಣಬಾರದೆಂದು ಬೋಲ್ಟುಗಳನ್ನು ಮತ್ತೆ ಹಾಕಿದ್ದೆ. ಅಷ್ಟೇ ಕಾರಣ. ಈಗ ಎದ್ದುಹೋಗಿ ಅವ್ವನಿಗೂ ಹೇಳಿ ಬಂದೆ. ಆಡಿ ಅಮಾವಾಸ್ಯೆಯ ನೂಲುಂಡೆಯನ್ನು ತೆಗೆದು ನನ್ನ ಮುಖಕ್ಕೆ ಎಸೆದಳು.

ಹಾಳೆ ಹರಿದು ಬೇರೆ ಬರೆಯಬಹುದಿತ್ತು, ಬರೆಯಲಿಲ್ಲ. ಮಚ್ಚಾನಿಗೆ ಕನ್ನಡ ಬಾರದು ಎಂಬ ಧೈರ್ಯ ನನಗಿನ್ನು ಬೇಡ. ಅವರನ್ನೂ ಅತ್ತಿಗೆಯನ್ನೂ ಕೂರಿಸಿ, ಇದನ್ನು ಮೊದಲಿನಿಂದ ಕೊನೆಯವರೆಗೆ ತಮಿಳಿನಲ್ಲಿ ಓದಿ ಹೇಳು. ಕೋಳಿಗೂಡಿನ ಮಾತನ್ನು ಬಿಡಬೇಡ.