ಮೂರರಾಗ ಒಂದು ಪಾಲು

ಕಮರಿಪೇಟೆ, ಹುಬ್ಬಳ್ಳಿ
ತಾ. ೨೪ ಫೆಬ್ರುವರಿ ೧೯೪೨, ಮಂಗಳವಾರ

ನನ್ನ ಗುಲ್ಜಾರ,

ನಿನ್ನ ಭಾಬಿ ಅಮೀನಾಳ ಸಲಾಮು, ಅದರ ಮ್ಯಾಲೆ ಸಾವಿರ ದುವಾ. ನೀನೂ ನಿಮ್ಮ ಮನಿಯವರು ಮಲ್ಲಿಕಸಾಬ ಭಾಯಿನೂ ಉಪ್ಪಿನಬೆಟಗೇರಿಯೊಳಗ ಆರಾಮ ಇದ್ದೀರಿ ಅಂತ ತಿಳದೇನಿ. ನಾವೂ ಇಲ್ಲೆ ಕ್ಷೇಮ ಅಂತ ಬರಿಯೂದು ಪದ್ಧತಿ, ಖರೇ. ಆದ್ರ ಆ ಮಾತು ಬರಿಯಾಕ ಕೈ ಏಳವಲ್ದು. ಮನಿ ಹೊಂಟೈತಿ ಗುಲ್ಜಾರ. ನಿಮ್ಮ ಅಬ್ಬಾ ಕಟ್ಟಿಸಿದ, ನೀ ಹುಟ್ಟಿದ, ನಾ ಸೊಸಿಯಾಗಿ ಬಂದ ಇದಽ ಮನಿ. ಮಾರ್ಚ ಒಂಬತ್ತಕ್ಕ ಕೋರ್ಟಿನಾಗ ತಾರೀಖು ಐತಿ. ಅದರ ಮುಂದ ನಾವು ಎಲ್ಲಿರತೇವೋ ಅಲ್ಲಾಗಽ ಗೊತ್ತು.

ಎದಿ ಬಡಕೊಂಡು ಅಳಾಕ ಕೂಡಬ್ಯಾಡ, ಪೂರಾ ಓದು. ಸಾಲ್ಯಾಗನೂ ನಿಂದು ಇದಽ ಗುಣಾ, ಅರ್ಧಾ ಲೆಕ್ಕಾ ನೋಡಿ ಕಣ್ಣೀರು ತಗೀತಿದ್ದಿ. ಈ ಕಾಗದ ಅರ್ಧಾ ಓದಿ ಅತ್ರ ನನಗೇನೂ ಉಪಯೋಗಿಲ್ಲ. ಸಿಟ್ಟ ಮಾಡಬ್ಯಾಡ, ನನ್ನ ನಾಲಿಗಿ ನಿನಗ ಗೊತ್ತಽ ಐತಿ. ಅಳು ಬಂದಾಗ ನಾ ಬೈತೇನಿ, ಅಷ್ಟಽ.

ನಾಲ್ಕು ವರ್ಷದ ಹಿಂದ ನಿಮ್ಮಣ್ಣಾರು ಟ್ರಂಕಿನ ತಗಡು ಕತ್ತರಿಸೂ ಮಷೀನ ತಗೋಳಾಕ ಪ್ಯಾಟಿ ಸಾವಕಾರನ ಕಡೆ ಎಂಟುನೂರು ರೂಪಾಯಿ ಇಸಗೊಂಡ್ರು. ಇದು ನಿನಗ ಗೊತ್ತಿಲ್ಲ. ಗೊತ್ತಾಗಬಾರದು ಅಂತಽ ಹೇಳಿದ್ದಿಲ್ಲ. ಮಷೀನ ಬಂತು, ಎರಡು ವರ್ಷ ಛಲೋ ನಡೀತು. ಲಗ್ನಸರಾಯಿಯೊಳಗ ಹೂವು ಬರದ ಟ್ರಂಕು ಒಯ್ಯಾಕ ಕಲಘಟಗಿಯಿಂದ ಮಂದಿ ಬರತಿದ್ರು. ಆಮ್ಯಾಲೆ ಲಡಾಯಿ ಸುರು ಆತು, ತಗಡೆಲ್ಲಾ ಮಿಲಿಟರಿಗೆ ಹೋತು. ಈಗ ಅಂಗಡಿಯೊಳಗ ಮಷೀನ ಒಂದಽ ಐತಿ. ನಿಮ್ಮಣ್ಣಾರು ಕಟ್ಟಿ ಮ್ಯಾಲೆ ಕುಂತು ಮಂದಿ ತೂತು ಬಕೇಟಿಗೆ ಬೆಸಿಗಿ ಹಾಕತಾರ.

ಸಾಲಾ ಯಾರು ಮಾಡಂಗಿಲ್ಲ? ನನ್ನ ಹೊಟ್ಟಿ ಉರಿಯೂದು ಸಾಲಕ್ಕಲ್ಲ, ಕಾಗದ ಬರಸಿದ ರೀತಿಗೆ. ಬಡ್ಡಿ ಅನ್ನೂ ಮಾತಿದ್ದ ಕಾಗದಕ್ಕ ನಾ ಸಹಿ ಮಾಡಂಗಿಲ್ಲ, ಅದು ಹರಾಮು ಅಂತ ನಿಮ್ಮಣ್ಣಾರು ಹಟಾ ಹಿಡದ್ರು. ಸಾವಕಾರ ಭಾಳ ಶಾಣ್ಯಾ. ನಿಮ್ಮ ಧರ್ಮಾ ನಾ ಯಾಕ ಕೆಡಸ್ಲಿ ಸಾಬ್ರ, ಬಡ್ಡಿ ಬ್ಯಾಡ, ಮನಿ ಅಡವಿಡೂ ಗಹಾಣನೂ ಬ್ಯಾಡ, ಮನಿ ನನಗ ಖರೀದಿ ಕೊಟ್ಟಂಗ ಬರಕೊಡ್ರಿ, ನೀವಽ ಅದರೊಳಗ ಇರ್ರಿ, ತಿಂಗಳಾ ಬಾಡಿಗಿ ಕೊಡ್ರಿ, ಮೂರು ವರ್ಷದಾಗ ರೊಕ್ಕಾ ತಿರುಗಿ ಕೊಟ್ರ ಮನಿ ತಿರುಗಿ ಬರಕೊಡತೇನಿ ಅಂದ. ಆ ತಿರುಗಿ ಕೊಡೂ ಮಾತು ಬ್ಯಾರೆ ಚೀಟಿಯೊಳಗ ಬರದ. ನಿಮ್ಮಣ್ಣಾರು ಖುಷಿಯಿಂದ ಮನಿಗೆ ಬಂದು ಎಷ್ಟು ಭಲೇ ಮನಷ್ಯಾ ಅಂತ ಅವನ್ನ ಹೊಗಳಿದ್ರು. ಬಡ್ಡಿಗೆ ಬಾಡಿಗಿ ಅಂತ ಹೆಸರಿಟ್ರ ಹರಾಮು ಹಲಾಲ ಆಗತೈತೇನ್ರಿ ಅಂತ ನಾ ಕೇಳಿದೆ. ಎರಡು ದಿನಾ ನನ್ನ ಕೈಯ್ಯಾಗಿನ ರೊಟ್ಟಿ ಮುಟ್ಟಲಿಲ್ಲ.

ಹಂಗ ನಮ್ಮ ಮನಿಗೆ ನಾವಽ ಬಾಡಿಗಿ ಕಟಗೋತ ಬಂದ್ವಿ. ಮೂರು ವರ್ಷ ತುಂಬಿದಾಗ ಕೈಯ್ಯಾಗ ರೊಕ್ಕಾ ಇದ್ದಿಲ್ಲ. ಗಡಬಡಿ ಮಾಡಬ್ಯಾಡ್ರಿ, ನಾ ಎಲ್ಲಿ ಓಡಿಹೊಕ್ಕೇನಿ ಅಂತ ಸಾವಕಾರ ಬಾಯಿಲೆ ಅಂದ. ಆ ಮಾತು ಚೀಟಿ ಮ್ಯಾಲೆ ಬರಸಿಕೊಳ್ರಿ ಅಂದ್ರ ನಿಮ್ಮಣ್ಣಾರು ದೊಡ್ಡ ಮನಷ್ಯಾಗ ಹಂಗ ಕೇಳಿದ್ರ ಅಪಮಾನ ಮಾಡಿದಂಗ ಅಂದ್ರು. ಮೂರು ತಿಂಗಳ ಬಾಡಿಗಿ ತಪ್ಪಿತು ನೋಡು, ಮನಿ ಖಾಲಿ ಮಾಡ್ರಿ ಅಂತ ಕೋರ್ಟಿನ ಕಾಗದ ಬಂತು. ಬಾಗಲಾ ತಗದು ತಗೊಂಡಾಕಿ ನಾನಽ.

ಹೋದ ಐತವಾರ ಇಬ್ಬರೂ ಧಾರವಾಡಕ್ಕ ಹೋಗಿದ್ವಿ. ಮಾಳಮಡ್ಡಿಯೊಳಗ ನೀಲಕಂಠಪ್ಪ ಅಂತ ವಕೀಲರು, ಮನಿ ಕಳಕೊಳ್ಳೂ ಮಂದಿಗೆ ಐತವಾರ ಮುಂಜಾನಿ ಪುಕ್ಕಟ ಸಲಹಾ ಹೇಳತಾರ. ಅವರ ಹೆಂಡತಿ ಪುಣ್ಯಾತಗಿತ್ತಿ, ನನಗ ಒಳಗ ಬಾಗಲದ ಬಾಜೂಕ ಚಾಪಿ ಹಾಕಿಕೊಟ್ರು. ಎಲ್ಲಾ ಕೇಳಸ್ತು. ಕೇಳದಿದ್ರ ಛಲೋ ಇತ್ತು.

ವಕೀಲರು ಬೆರಳು ಮಡಿಚಿ ಮಡಿಚಿ ಹೇಳಿದ್ರು. ಗಹಾಣ ಅಂತ ಬರಸಿದ್ರ ಕೋರ್ಟು ರೊಕ್ಕಾ ತುಂಬಾಕ ಆರು ತಿಂಗಳು ಕೊಡತಿತ್ತಂತ. ಆಗಲಿಲ್ಲಂದ್ರ ಕಂತು ಮಾಡಿಕೊಡ್ರಿ ಅಂತ ಅರ್ಜಿ ಕೊಡಾಕ ಬರತಿತ್ತಂತ. ಕಡೀಕ ಲಿಲಾವ ಆದ ಮ್ಯಾಲೂ ಮೂವತ್ತು ದಿನದಾಗ ರೊಕ್ಕಾ ತುಂಬಿ, ತಗೊಂಡಾವಗ ನೂರಕ್ಕ ಐದು ಹೆಚ್ಚಿಗಿ ಕೊಟ್ರ ಮನಿ ಬಿಡಿಸಿಕೊಳ್ಳಾಕ ಬರತಿತ್ತಂತ. ಯವ್ವಾ, ಇಷ್ಟೆಲ್ಲಾ ದಾರಿ ಅದಾವಲ್ಲ ಅಂತ ನಾ ಒಳಗ ಕುಂತು ಹಿಗ್ಗಿದೆ. ಆಮ್ಯಾಲೆ ನಮ್ಮ ಕಾಗದ ಓದಿ ಕನ್ನಡಕಾ ತಗದಿಟ್ರು. ಸಾಬ್ರ, ನೀವು ಮನಿ ಗಹಾಣ ಇಟ್ಟಿಲ್ಲ, ಮಾರೀರಿ. ತಿರುಗಿ ಕೊಡೂ ಮಾತು ಇದಽ ಕಾಗದದಾಗ ಬರಸಿದ್ರ ಕೋರ್ಟಿಗೆ ಗಹಾಣ ಅಂತ ಹೇಳಾಕ ಬರತಿತ್ತು, ಬ್ಯಾರೆ ಚೀಟಿ ಹಿಡಕೊಂಡು ಹ್ಯಾಂಗ ಹೇಳ್ಲಿ, ಅದರ ಮೂರು ವರ್ಷದ ಮುದ್ದತ್ತೂ ತೀರಿ ಹೋಗೇತಿ ಅಂದ್ರು. ನಿಮ್ಮಣ್ಣಾರು ಉಸರಾಡೂದು ನನಗ ಒಳಗ ಕೇಳತಿತ್ತು.

ಒಂದಽ ದಾರಿ ಉಳದೈತಿ. ಅದು ನೀನು. ಅಬ್ಬಾನ ಆಸ್ತಿಯೊಳಗ ಮೂರರಾಗ ಒಂದು ಪಾಲು ಮಗಳದು. ನಿನ್ನ ಪಾಲು ನಿಮ್ಮಣ್ಣಾರಿಗೆ ಮಾರಾಕ ಬರಂಗಿಲ್ಲ. ಇದು ಸಾವಕಾರಗ ಗೊತ್ತಿತ್ತು, ಅದಕ್ಕಽ ಕಾಗದಕ್ಕ ತಂಗಿದೂ ಸಹಿ, ಹೆಬ್ಬೆಟ್ಟು ಬೇಕು ಅಂತ ಕುಂತಿದ್ದ. ನಿಮ್ಮಣ್ಣಾರಿಗೆ ನಿನ್ನ ಮುಂದ ಬಾಯಿ ತಗೀಲಿಕ್ಕೆ ನಾಚಿಕಿ ಆತು. ತಂಗಿ ತವರಿನ ಪಾಲು ಕೇಳದಽ ಬಿಟ್ಟಿರತಾಳ, ಅದನ್ನೂ ಬರಕೊಡು ಅಂತ ಯಾವ ಮಾರಿಲೆ ಕೇಳೂದು? ಬುರ್ಖಾದ ಹೆಣ್ಣುಮಕ್ಕಳಂತ ರಜಿಸ್ಟರ್ ಕಚೇರಿಯವರು ಮನಿಗೇ ಬಂದ್ರು. ನಡುಮನಿಯೊಳಗ ಪರದೆ ಕಟ್ಟಿದ್ವಿ. ಪರದೆ ಹಿಂದ ಒಬ್ಬಾಕಿ ಕುಂತು ನಿನ್ನ ಹೆಸರು ಬರದು ಹೆಬ್ಬೆಟ್ಟು ಒತ್ತಿದಳು. ಇಕಿನಽ ಗುಲ್ಜಾರಬಿ ಅಂತ ಗೌಸಮೊದ್ದೀನ ಕಾಕಾ ಗುರುತು ಹೇಳಿದ್ರು. ಕಾಕಾ ತೀರಿಕೊಂಡು ವರ್ಷಾತು, ಅವರಿಗಿನ್ನ ಯಾರೂ ಕೇಳಂಗಿಲ್ಲ. ಆ ಹೆಂಗಸು ಯಾರು ಅಂತ ನೀನೂ ಕೇಳಬ್ಯಾಡ. ಓಣ್ಯಾಗಿನ ಯಾವಾಕಿನೋ ಒಬ್ಬಾಕಿ.

ನೀ ಏನು ಮಾಡಬೇಕಂದ್ರ, ಒಂಬತ್ತನೇ ತಾರೀಖು ಸ್ವಾಮವಾರ ಮುಂಜಾನಿ ಹನ್ನೊಂದರೊಳಗ ಹುಬ್ಬಳ್ಳಿ ಕೋರ್ಟಿಗೆ ಬಾ. ಈ ಸಹಿ ನಂದಲ್ಲ, ಈ ಹೆಬ್ಬೆಟ್ಟು ನಂದಲ್ಲ ಅಂತ ಹೇಳು. ನಿನ್ನ ಬೆರಳಿನ ಗುರುತು ತಗೊಂಡು ತಾಳೆ ಹಾಕಿ ನೋಡತಾರ, ಹೊಂದೂದಿಲ್ಲ. ನಿನ್ನ ಪಾಲು ಉಳೀತೈತಿ ಅಂತ ವಕೀಲರು ಖಾತ್ರಿ ಹೇಳ್ಯಾರ. ಒಂದು ಖೋಲಿ ಬಂದ್ರೂ ಸಾಕು. ಅದಕ್ಕೂ ಮೊದಲ ಸಾವಕಾರನ ಕಾರಕೂನ ನಿಮ್ಮೂರಿಗೆ ಬರಬಹುದು, ಐವತ್ತೋ ನೂರೋ ಕೈಯ್ಯಾಗ ಇಟ್ಟು ನನ್ನ ಒಪ್ಪಿಗಿ ಐತಿ ಅಂತ ಬರಕೊಡು ಅನ್ನಬಹುದು. ಬಿಳೀ ಕಾಗದಕ್ಕೂ ಸಹಿ ಮಾಡಬ್ಯಾಡ. ಮಲ್ಲಿಕಸಾಬ ಭಾಯಿಗೂ ಇದನ್ನ ಬಿಡಿಸಿ ಹೇಳು.

ಖೊಟ್ಟಿ ಹೆಬ್ಬೆಟ್ಟು ಒತ್ತಿದಾಕಿಗೆ ಜೇಲು ತಪ್ಪಂಗಿಲ್ಲ, ಸಾವಕಾರ ಸುಮ್ಮನ ಬಿಡೂ ಮನಷ್ಯಾ ಅಲ್ಲ ಅಂತನೂ ವಕೀಲರು ಹೇಳಿದ್ರು. ನೀ ಆಕಿ ಮ್ಯಾಲೆ ಕನಿಕರಾ ಮಾಡಬ್ಯಾಡ. ಮಾಡಿದ್ದು ಆಕಿ ಉಣ್ಣತಾಳ.

ನಿಮ್ಮಣ್ಣಾರಿಗೆ ಈ ಕಾಗದದ ಸುದ್ದಿ ಗೊತ್ತಿಲ್ಲ. ತಂಗಿ ಕಿವಿಗೆ ಹಾಕಿದ್ರ ನನ್ನ ಹೆಣಾ ನೋಡತಿ ಅಂದಾರ. ಮಸೂತಿಗೆ ಹೋಗೂದು ಬಿಟ್ಟಾರ, ದಾರ್ಯಾಗ ಮಂದಿ ಕೇಳತಾರಂತ. ಮೊನ್ನೆ ಮಧ್ಯಾಹ್ನ ಹಿತ್ತಲ ಬಾಂವಿ ಕಟ್ಟಿ ಮ್ಯಾಲೆ ಕಾಲು ಒಳಗ ಬಿಟಗೊಂಡು ಕುಂತಿದ್ರು. ನಾ ಕರದ್ರ ಕೇಳಲಿಲ್ಲ. ಮೈಮುನಾ ಹೋಗಿ ಅಬ್ಬಾ ಹಸಿವಾಗೇತಿ ಅಂದಳು, ಆಗ ಎದ್ದು ಬಂದ್ರು. ಆಕಿಗೆ ಇನ್ನೂ ಹನ್ನೊಂದು, ಏನೂ ತಿಳಿಯಂಗಿಲ್ಲ ಅಂತ ನಾವು ತಿಳಕೊಂಡೇವಿ. ಈಗ ದಿನಾ ಅದಽ ಹೊತ್ತಿಗೆ ಬಾಂವಿ ಕಡೆ ಹೋಗಿ ಆಡಿಕೋತ ಕೂಡತಾಳ. ಯಾಕ ಅಂತ ನಾ ಕೇಳಿಲ್ಲ. ನನಗ ಭಾಳ ಹೆದರಿಕಿ ಆಗೇತಿ ಗುಲ್ಜಾರ.

ಬಾ. ಸಿಟ್ಟಿಲೆ ಬಂದ್ರೂ ಅಡ್ಡಿಯಿಲ್ಲ.

ನಿನ್ನ ಭಾಬಿ, ಅದಕ್ಕೂ ಮೊದಲಿನ ಗೆಳತಿ,
ಅಮೀನಾಬಿ

ತಾ.ಕ.: ಟಪಾಲ ಪೆಟಿಗಿ ತನಕಾ ಹೋಗಿ ತಿರುಗಿ ಬಂದೇನಿ. ಮ್ಯಾಲೆ ಎರಡು ಸುಳ್ಳು ಬರದೇನಿ. ನಿಮ್ಮಣ್ಣಾರಿಗೆ ನಾಚಿಕಿ ಆಗಿದ್ದಿಲ್ಲ. ನಿನ್ನ ಕೇಳಾಕ ಚಪ್ಪಲ ಮೆಟ್ಟಿ ಹೊಂಟು ನಿಂತಿದ್ರು, ತಡದಾಕಿ ನಾನು. ಆ ವರ್ಷ ರಮಜಾನ ಈದಿಗೆ ನೀ ಕೈಗೆ ಬಂಗಾರದ ಬಿಲ್ವಾರ ಹಾಕ್ಕೊಂಡು ಬಂದು ಮೈಮುನಾಗ ರೇಶಿಮಿ ಅಂಗಿ ಕೊಟ್ಟಿದ್ದಿ. ನಾ ಲೆಕ್ಕಾ ಹೇಳಿಕೊಟ್ಟಾಕಿ ಮುಂದ ನಾನಽ ಕೈ ಒಡ್ಡಬೇಕಲ್ಲ ಅಂತ ಹೊಟ್ಟಿ ಕಿಚ್ಚು ಬಂತು. ಕೇಳಿದ್ರ ನೀ ನಕ್ಕೋತ ಕೊಡತಿದ್ದಿ. ಅದನ್ನಽ ನನಗ ತಡಕೊಳ್ಳಾಕ ಆಗತಿದ್ದಿಲ್ಲ.

ಪರದೆ ಹಿಂದ ಕುಂತಾಕಿ ನಾನಽ. ನಿನ್ನ ಅಕ್ಷರಾ ನನಗ ಬರತೈತಿ, ಒಂದಽ ಪಾಟಿ ಮ್ಯಾಲೆ ಕಲತಾವರು ನಾವು. ಇದನ್ನ ಮೊದಲಽ ಬರದಿದ್ರ ನೀ ಮುಂದ ಓದತಿದ್ದಿಲ್ಲ, ಬರೀದಽ ಬಿಟ್ರ ಕೋರ್ಟಿನಾಗ ನನ್ನ ನೋಡಿ ನಿನ್ನ ಬಾಯಿ ಕಟ್ಟತಿತ್ತು. ನೀನಽ ಬಂದೀ ಅಂತ ಗಂಡಗ ಸುಳ್ಳು ಹೇಳಿದ್ದೆ, ಅವರಿಗೆ ಏನೂ ಗೊತ್ತಿಲ್ಲ ಅಂತ ನಾ ಕೋರ್ಟಿನಾಗ ಹೇಳತೇನಿ. ಅವರನ್ನೂ ಒಯ್ದ್ರ ಮೈಮುನಾಗ ಯಾರೂ ಉಳಿಯಂಗಿಲ್ಲ. ನಿನ್ನ ಖೋಲಿಯೊಳಗ ಆಕಿಗೆ ಇರಾಕ ಬಿಡು. ಹೆಬ್ಬೆಟ್ಟು ನಿಂದಲ್ಲಂದ್ರ ಯಾರದು ಅಂತ ಸಾಹೇಬರು ಕೇಳತಾರ. ಗೊತ್ತಿಲ್ಲ ಅನ್ನು, ನನ್ನ ಕಡೆ ಹೊಳ್ಳಿ ನೋಡಬ್ಯಾಡ. ನಾನಽ ಎದ್ದು ನಿಂದರತೇನಿ.