ಡುಮ್ಮನ ಕಣ್ಣಿಗೆ ಔಷಧಿ, ಕಿವಿಗೆ ಬೈಗುಳ

ಅತ್ತೆ,

ನಾನು ಕೆಲಸಕ್ಕೆ ಹೊರಟೆ. ಡುಮ್ಮನ ಮಧ್ಯಾಹ್ನದ ಔಷಧಿ ಎರಡೂ ಕಿಟಕಿಯ ಹತ್ತಿರ ಇವೆ. ಮೊದಲು ನೀಲಿ ಮುಚ್ಚಳದ್ದು, ಸ್ವಲ್ಪ ಹೊತ್ತು ಬಿಟ್ಟು ಬಿಳಿಯದು. ಕೊರಳಿಗೆ ಹಾಕಿರುವ ಪ್ಲಾಸ್ಟಿಕ್ ಆಲಿಕೆಯನ್ನು ಊಟಕ್ಕೂ ಬಿಚ್ಚಬೇಡಿ. ಒಂದು ಸಲ ಕಣ್ಣು ಕೆರೆದುಕೊಂಡರೂ ನಿನ್ನೆ ಪಟ್ಟ ಪಾಡೆಲ್ಲ ಮಣ್ಣುಪಾಲು.

ನಾಯಿ ಡಾಕ್ಟರು ಪರೀಕ್ಷೆಗೆಂದು ಹಾಕಿದ ಹಸಿರು ಬಣ್ಣ ಅವನ ಕಣ್ಣಿನ ಹುಣ್ಣಿನ ಅಂಚಿನಡಿ ಇಳಿದದ್ದನ್ನು ನೀವೂ ನೋಡಿದಿರಿ. ಹೊಸ ಪದರ ಬೆಳೆಯುತ್ತಿತ್ತು, ಕಣ್ಣಿಗೆ ಅಂಟುತ್ತಿರಲಿಲ್ಲ. ಅದಕ್ಕೇ ಬರೀ ಔಷಧಿಗೆ ವಾಸಿಯಾಗಲಿಲ್ಲ. ಆ ಸಡಿಲ ಪದರವನ್ನು ಹತ್ತಿ ಕಡ್ಡಿಯಿಂದ ಉಜ್ಜಿ ತೆಗೆಯುವಾಗ ಡುಮ್ಮ ಅಲುಗಾಡದೆ ಕೂತದ್ದು ಮರಗಟ್ಟಿಸುವ ಹನಿಯಿಂದ ಮಾತ್ರ ಅಲ್ಲ. ನೀವು ಅವನ ತಲೆ ಹಿಡಿದು, "ಸುಮ್ನೆ ಕೂತ್ಕೋ ಕಳ್ಳ, ಸೋಮಾರಿ, ಚಪ್ಪಲಿ ಕಡಿಯೋನೆ" ಎಂದು ಒಂದೇ ಸಮನೆ ಬೈದದ್ದರಿಂದ. "ನಿಮ್ಮತ್ತೇನ ದಿನಾ ಇಲ್ಲಿಗೆ ಕಳಿಸ್ತೀರಾ?" ಎಂದು ಡಾಕ್ಟರು ಕೇಳಿದರು.

ಮನೆಗೆ ಬಂದ ಮೇಲೆ ಮಾತ್ರ ನೀವು "ಬಾ ಬಂಗಾರ" ಎನ್ನುತ್ತಿದ್ದೀರಿ. ನಿಮ್ಮ ಬಾಯಲ್ಲಿ ಅಂಥ ಮಾತು ಕೇಳಿ ಅವನಿಗೆ ಅಭ್ಯಾಸವಿಲ್ಲ. ತನಗೇನೋ ಆಗಿಹೋಯಿತೆಂದು ಹೆದರಿ ಮಂಚದಡಿ ಸೇರಿದ್ದಾನೆ.

ದಯವಿಟ್ಟು ಬೈಯಿರಿ. ನನ್ನ ಹೆರಿಗೆಯ ದಿನ ಹಿಡಿದ ಕೈ ಬಿಡದೆ ಬೈದಿರಲ್ಲ, ಹಾಗೆ.