ಒಲೆಯ ಮೇಲೆ ಎರಡನೆಯ ಪಾತ್ರೆ

ಮಾರ್ಚ್ ೪, ಮಂಗಳವಾರ

…‘ಮಗು ಕಡ್ಡಿ ಆಗ್ತಿದೆ’ ಅಂದರೋ, ‘ಕಡ್ಡಿ ಆಗಿಹೋಗಿದೆ’ ಅಂದರೋ. ಅತ್ತೆಯವರ ಫೋನು. ನಾನು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸ್ ಅರೆಯುವ ಗ್ರೈಂಡರ್ ಸದ್ದು. ಕೊನೆಯದು ಮಾತ್ರ ಸ್ಪಷ್ಟ— ‘ಅವಳನ್ನ ನಮ್ಮನೇಲಿ ಬಿಡು. ನಿನ್ನ ಕೈಲಾಗಲ್ಲ.’

ಅರೆಯುತ್ತಿದ್ದ ಲೆನ್ಸಿನ ಅಂಚು ಸೀಳಿಹೋಯಿತು. ಯಾರದೋ ಎಡಗಣ್ಣಿನದು. ಮತ್ತೆ ಮಾಡಬೇಕು.

ಮಗಳು ಹಾಲು, ಬೆಣ್ಣೆ, ಮೊಟ್ಟೆ ಬಿಟ್ಟದ್ದು ಅವಳಮ್ಮ ತೀರಿಹೋದ ಮರುವರ್ಷ. ಹಸು-ಕೋಳಿಗೆ ಹಿಂಸೆ ಅಂತ ಕಾರಣ ಹೇಳಿದಳು. ಒಪ್ಪಿದೆ ಅಂತಲ್ಲ. ನಂಬಿದೆ. ನಾನು ಅಂಗಡಿಯಲ್ಲಿ ಹಾಲು ಹಾಕಿದ ಟೀ ಕುಡಿಯುತ್ತೇನೆ; ಅವಳಿಗೂ ಗೊತ್ತು. ಮನೆಯೊಳಗೆ ತರುವುದಿಲ್ಲ. ಅದು ಒಪ್ಪಂದ.

ಮಾರ್ಚ್ ೮, ಶನಿವಾರ

ಹೇಳದೆ ಬಂದರು. ಅತ್ತೆ, ಜೊತೆಗೆ ಭಾವಮೈದುನ. ಮಗಳು ಈಜಿನ ಕ್ಲಾಸಿನಿಂದ ಬಂದಿರಲಿಲ್ಲ. ಅತ್ತೆ ನೇರ ಫ್ರಿಜ್ಜಿನ ಬಾಗಿಲಿಗೆ. ಒಳಗೆ ಅರ್ಧ ಈರುಳ್ಳಿ, ಒಂದು ನಿಂಬೆ, ಬಲ್ಬು.

‘ಏನ್ ಭಾವ, ಲೈಟ್ ತಿಂದ್ಕೊಂಡಿದೀರಾ?’ ಭಾವಮೈದುನ.

‘ಊಟ ಮಾಡ್ಕೊಂಡು ಹೋಗಿ’ ಅಂದೆ. ಬಾಯಿಂದ ಬಂದೇಬಿಟ್ಟಿತು.

‘ಏನಿದೆ ಅಂತ ಊಟ?’ ಅತ್ತೆ.

‘ಕಪಾಟಿದೆ.’

ಡಬ್ಬಿಯ ಕಡಲೆ, ಟೊಮ್ಯಾಟೊ ಪೇಸ್ಟ್, ಹುರಿದ ಶೇಂಗಾ, ಬೆಳ್ಳುಳ್ಳಿ, ಅಕ್ಕಿ. ಶೇಂಗಾ ನುಣ್ಣಗೆ ಅರೆದು ಹಾಕಿದರೆ ಕೆನೆಯ ಮಾತೇ ಬೇಡ. ಅರೆಯುವುದು ನನ್ನ ಕಸುಬು ತಾನೆ. ಕುದಿ ಬಂತು. ಕುರ್ಚಿ ಸಾಲದೆಂದು ಇನ್ನೊಂದು ತರಲು ಬಾಲ್ಕನಿಗೆ ಹೋದೆ. ವಾಪಸು ಬಂದಾಗ ವಾಸನೆ ಬೇರೆ.

ಅತ್ತೆಯವರ ಕೈಯಲ್ಲಿ ಪುಟ್ಟ ಸ್ಟೀಲ್ ಡಬ್ಬಿ. ಮನೆಯಿಂದಲೇ ತಂದದ್ದು. ಪಾತ್ರೆಯಲ್ಲಿ ಲೆನ್ಸಿನಂಥ ಹಳದಿ ಬೊಟ್ಟುಗಳು ತೇಲುತ್ತಿದ್ದವು.

‘ಒಂದು ಚಮಚ ಬೆಣ್ಣೆ ಅಷ್ಟೇ. ಅವಳಿಗೇನು ಗೊತ್ತಾಗುತ್ತೆ?’

‘ನನಗೆ ಗೊತ್ತಾಯ್ತಲ್ಲ.’

‘ಅವಳಮ್ಮ ಇದ್ದಿದ್ರೆ ತಾನೇ ಹಾಕ್ತಿದ್ಲು.’

ಬಿಸಿ ಅನ್ನದ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತ ಊಟ ಮರೆಯುತ್ತಿದ್ದವಳು.

ನಾನು ಬಾಯಿ ಮುಚ್ಚಿಕೊಂಡರೆ ಎಲ್ಲ ಸುಸೂತ್ರ. ಮಗಳು ಚಪ್ಪರಿಸಿ ತಿನ್ನುತ್ತಾಳೆ, ಅಜ್ಜಿ ಸಮಾಧಾನವಾಗಿ ಹೋಗುತ್ತಾರೆ, ಹುಡುಗಿ ನನ್ನ ಹತ್ತಿರವೇ ಉಳಿಯುತ್ತಾಳೆ…

ಇನ್ನೊಂದು ಪಾತ್ರೆ ತೆಗೆದೆ.

‘ಏನ್ಮಾಡ್ತಿದೀಯಾ?’

‘ಅಡಿಗೆ.’

‘ಭಾವ, ಹಟ ಬೇಡ’ ಅಂದ ಭಾವಮೈದುನ. ‘ಅಮ್ಮನ ಮುಖಕ್ಕೆ ಹೊಡೆದ ಹಾಗಾಗುತ್ತೆ. ಆಮೇಲೆ ನಾವೂ ಸುಮ್ನಿರಲ್ಲ.’

‘ಸುಮ್ನಿರಬೇಡಿ. ಆ ಸೌಟು ಅಲ್ಲ, ಬೇರೆ ಕೊಡಿ.’

ಉಳಿದದ್ದು ಮೆಕರೋನಿ, ಹಿಡಿ ಕೆಂಪು ಬೇಳೆ. ಪೇಸ್ಟಿನ ಡಬ್ಬಿಗೆ ನೀರು ಹಾಕಿ ಕುಲುಕಿದೆ. ಆತುರದಲ್ಲಿ ಉಪ್ಪು ಹೆಚ್ಚು ಬಿತ್ತು. ಬೀಳಲಿ.

ಮಗಳು ಬಂದಳು. ಒದ್ದೆ ಕೂದಲು.

‘ಎರಡೆರಡು ಯಾಕಪ್ಪಾ?’

‘ಅದರಲ್ಲಿ ಬೆಣ್ಣೆ ಇದೆ. ಇದರಲ್ಲಿಲ್ಲ.’

ಯಾರು ಹಾಕಿದ್ದು ಅಂತ ನಾನು ಹೇಳಲಿಲ್ಲ. ಅವಳು ಸ್ಟೀಲ್ ಡಬ್ಬಿಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಎರಡನೆಯ ಪಾತ್ರೆ ಎಳೆದುಕೊಂಡಳು. ‘ಥೂ, ಉಪ್ಪು!’ ಅಂದಳು. ಮತ್ತೆ ಬಡಿಸಿಕೊಂಡಳು.

‘ಪರವಾಗಿಲ್ವೇ ಕಡ್ಡಿ ಪೈಲ್ವಾನ್…’ ಭಾವಮೈದುನ ನಗಲು ಹೋದ.

‘ಸುಮ್ನೆ ತಿನ್ನೋ’ ಅಂದರು ಅತ್ತೆ.

ಮಾರ್ಚ್ ೧೬, ಭಾನುವಾರ

ಭಾವಮೈದುನನ ಮೆಸೇಜ್. ಮುಂದಿನ ಶನಿವಾರ ಬರುತ್ತಾರಂತೆ, ಪರಿಚಯದ ವಕೀಲರೊಬ್ಬರ ಜೊತೆ. ಕೂತು ಮಾತಾಡೋಣ ಅಂತ. ಈ ಸಲ ಹೇಳಿ ಬರುತ್ತಿದ್ದಾರೆ, ಅದೇ ದೊಡ್ಡದು. ‘ವಕೀಲರಿಗೂ ಊಟ ಇಲ್ಲೇ’ ಎಂದು ಉತ್ತರಿಸಿದೆ.

ಕಪಾಟು ತುಂಬಿಸಿದೆವು. ಬ್ಯಾಗು ಹೊತ್ತದ್ದು ಮಗಳೇ. ‘ಅವರು ಕೇಳಿದ್ರೆ ನಾನೇ ಹೇಳ್ತೀನಿ ಎಲ್ಲಿರ್ತೀನಿ ಅಂತ. ನೀನು ಉಪ್ಪು ನೋಡ್ಕೋ.’

ನೀನಿಲ್ಲ ಕಣೇ; ನಿನ್ನಮ್ಮನ ಬೆಣ್ಣೆ ಡಬ್ಬಿ ಇಲ್ಲೇ ಉಳಿದಿದೆ. ತೊಳೆದಿಟ್ಟೆ. ವಾಸನೆ ಹೋಗಿಲ್ಲ. ಇನ್ನೊಮ್ಮೆ ತೊಳೆಯಬಹುದಿತ್ತು, ತೊಳೆಯಲಿಲ್ಲ. ನೀನಿದ್ದಿದ್ದರೆ ಹಾಕುತ್ತಿದ್ದೆ ಅನ್ನುತ್ತಾರೆ ಅವರು. ಇರಬಹುದು. ಆದರೆ ಎರಡೂ ಪಾತ್ರೆ ಎದುರಿಗಿದ್ದು, ಒದ್ದೆ ಕೂದಲಲ್ಲಿ ಅವಳು ನಿನ್ನ ಮುಖವನ್ನೇ ನೋಡುತ್ತ ನಿಂತಿದ್ದರೆ— ನೀನು ಯಾವುದಕ್ಕೆ ಸೌಟು ಹಾಕುತ್ತಿದ್ದೆ?